ಅಂಕಲ್ ಬೆಂಕಿ

ಮನುಷ್ಯನಿಗೆ ಅನೇಕ ವಿಷಯಗಳು ತಿಳಿದಿರುವುದಿಲ್ಲ. ಅದರಲ್ಲಿ ಅವಮಾನವೇನೂ ಇಲ್ಲ. ಸ್ಕೂಟರು ನಿಂತುಹೋದರೆ ಅದನ್ನು ಸುತ್ತುಹಾಕಿ ನೋಡುವುದಷ್ಟೇ ನನಗೆ ಗೊತ್ತು. ಸಂಗೀತ ಕಚೇರಿಯಲ್ಲಿ ಪಕ್ಕದವರು ತಲೆದೂಗಿದಾಗ ನಾನೂ ತೂಗುತ್ತೇನೆ, ಅವರು ನಿಲ್ಲಿಸಿದಾಗ ನಿಲ್ಲಿಸುತ್ತೇನೆ. ಇದಕ್ಕೆಲ್ಲ ನಾನೆಂದೂ ಬೇಸರಪಟ್ಟವನಲ್ಲ. ಆದರೆ ತನಗೆ ಚೆನ್ನಾಗಿ ಗೊತ್ತೆಂದು ಬಂಧುಬಳಗವೆಲ್ಲ ಒಪ್ಪಿಕೊಂಡ ಒಂದೇ ಒಂದು ವಿದ್ಯೆಯ ವಿಷಯದಲ್ಲಿ, ತನ್ನದೇ ಮನೆಯಲ್ಲಿ, ತಟ್ಟೆಯ ಮುಂದೆ ಕೂತಿರುವಾಗ, "ನಿಮಗ ಇದು ತಿಳಿಯಂಗಿಲ್ಲ ಬಿಡ್ರಿ" ಎಂದು ಹೆಂಡತಿಯಿಂದ ಹೇಳಿಸಿಕೊಳ್ಳುವುದಿದೆಯಲ್ಲ, ಅದನ್ನು ಮಾತ್ರ ನಾನು ಇಂದಿಗೂ ಕ್ಷಮಿಸಿಲ್ಲ.

ಆ ವಿದ್ಯೆ ಇಸ್ಪೀಟು. ಮದುವೆಯ ಊಟ ಮುಗಿದು ಛತ್ರದ ಮಹಡಿಯ ಮೇಲೆ ಜಮಖಾನ ಹಾಸಿದರೆಂದರೆ ನಮ್ಮವರು ಮೊದಲು ಹುಡುಕುತ್ತಿದ್ದುದು ನನ್ನನ್ನು. ರಮ್ಮಿಯಿರಲಿ, ಇಪ್ಪತ್ತೆಂಟಿರಲಿ, ಎದುರಿಗೆ ಕೂತವನ ಕೈಯಲ್ಲಿ ಯಾವ ಎಲೆ ಇದೆಯೆಂದು ಅವನ ಮೂಗಿನ ಹೊಳ್ಳೆ ನೋಡಿಯೇ ಹೇಳಬಲ್ಲೆನೆಂಬ ಖ್ಯಾತಿ ನನಗಿತ್ತು. ಈ ಖ್ಯಾತಿಯನ್ನು ಹರಡಿದವನು ನಾನೇ ಎಂದು ನನ್ನ ಹೆಂಡತಿ ಗಿರಿಜಾ ಹೇಳುತ್ತಾಳೆ. ಗದಗಿನ ಕಡೆಯವಳು, ಬನಶಂಕರಿಯ ಶಾಲೆಯೊಂದರಲ್ಲಿ ಗಣಿತದ ಟೀಚರು. ಯಾವುದಕ್ಕೂ ಸಾಕ್ಷ್ಯ ಕೇಳುವ ಅಭ್ಯಾಸ ಅವಳಿಗೆ ಶಾಲೆಯಿಂದ ಬಂದಿರಬೇಕು.

ಅವಳ ತಮ್ಮ ಬಸವರಾಜ ಬಿಟಿಎಂ ಲೇಔಟಿನಲ್ಲಿ ರೂಮು ಮಾಡಿಕೊಂಡು ಯಾವುದೋ ಆಫೀಸಿನಲ್ಲಿ ಕೆಲಸದಲ್ಲಿದ್ದ. ಭಾನುವಾರ ಜಯನಗರದ ನಮ್ಮ ಮನೆಗೆ ರೊಟ್ಟಿಗೆಂದು ಬರುತ್ತಿದ್ದವನು ಒಂದು ಭಾನುವಾರ ಸಿ.ಡಿ. ಒಂದನ್ನು ಹಿಡಿದು ಬಂದ. ಆಗಷ್ಟೇ ನಾವು ಕಂಪ್ಯೂಟರ್ ಕೊಂಡು, ಹಾಲಿನಲ್ಲಿ ದೇವರ ಮನೆಯ ಪಕ್ಕ ಪ್ರತಿಷ್ಠಾಪಿಸಿ, ಅದಕ್ಕೊಂದು ಹೂವಿನ ಕಸೂತಿಯ ಹೊದಿಕೆ ಹೊದಿಸಿದ್ದೆವು. ಇಂಟರ್‌ನೆಟ್ಟು ಬೇಕೆಂದರೆ ಫೋನಿನ ತಂತಿ ಸಿಕ್ಕಿಸಬೇಕು. ಅದು ಗೊರಗೊರ ಕಿರುಗುಟ್ಟಿ ಒಳಗೆ ಹೋದ ಮೇಲೆ ಮನೆಗೆ ಯಾರ ಫೋನೂ ಬರುತ್ತಿರಲಿಲ್ಲ. ಬಸು ತಂದ ಆಟಕ್ಕೆ ಉದ್ದನೆಯ ಇಂಗ್ಲಿಷ್ ಹೆಸರಿತ್ತು. ನಮ್ಮ ಮನೆಯಲ್ಲಿ ಅದು ಕೋಟೆ ಆಟವಾಯಿತು. ಇಬ್ಬರಿಗೂ ಒಂದೊಂದು ಕೋಟೆ. ಸೈನಿಕ, ಆನೆ, ಬೆಂಕಿ, ಧಾನ್ಯ ಹೀಗೆ ನೂರಾರು ಬಗೆಯ ಎಲೆಗಳಲ್ಲಿ ತನಗೆ ಬೇಕಾದವನ್ನು ಆಯ್ದು ಪ್ರತಿಯೊಬ್ಬನೂ ತನ್ನದೇ ಕಟ್ಟು ಮಾಡಿಕೊಳ್ಳಬೇಕು, ಅದನ್ನಿಟ್ಟುಕೊಂಡು ಎದುರಾಳಿಯ ಕೋಟೆ ಕೆಡವಬೇಕು. ಎದುರಾಳಿ ಎಲ್ಲಿಯೋ ತನ್ನ ಮನೆಯಲ್ಲಿರುತ್ತಾನೆ. ಅವನ ಮೂಗು ಕಾಣುವುದಿಲ್ಲ. ಇದು ಆಟವೇ ಅಲ್ಲ ಎಂದು ನಾನು ಅಂದೇ ತೀರ್ಪು ಕೊಟ್ಟೆ.

ಆದರೆ ಗಿರಿಜಾ ಆ ಆಟದ ಮೋಹಕ್ಕೆ ಬಿದ್ದೇಬಿಟ್ಟಳು. ಒಂದು ತಿಂಗಳು ಕಳೆಯುವಷ್ಟರಲ್ಲಿ ಅಕ್ಕ ತಮ್ಮ ಸೇರಿದರೆಂದರೆ ಬೇರೆ ಮಾತೇ ಇಲ್ಲ. ಊರಿನ ಸುದ್ದಿ ಇಲ್ಲ, ಯಾರ ಮದುವೆ, ಯಾರ ಬಾಣಂತನ ಏನೂ ಇಲ್ಲ. "ಆನಿ ಎರಡ ಸಾಕು ಅಕ್ಕಾ, ಧಾನ್ಯ ಜಾಸ್ತಿ ಇಟ್ಕೊ." "ಹಂಗಂದ್ರ ಮೊದಲ ಕೈಗೆ ಸೈನಿಕರು ಬರಂಗಿಲ್ಲಲೋ ಬಸ್ಯಾ." ನಾನು ಪಲ್ಯ ಕೇಳಿದರೆ ಕೇಳಿಸುತ್ತಿರಲಿಲ್ಲ. ನಮ್ಮದೇ ಮನೆ, ನನಗೆ ಅರ್ಥವಾಗುವ ಭಾಷೆ. ಆದರೂ ಪರದೇಶದಲ್ಲಿ ಕೂತು ಊಟ ಮಾಡಿದ ಹಾಗೆ.

ಇದರ ಫಲ ಒಂದು ದಿನ ಕೆಳಗಿನ ಮನೆಯವರೆಗೂ ಹೋಯಿತು. ಕೋಟೆ ಆಟದಲ್ಲಿ 'ಮುದಿ ಕಾವಲುಗಾರ' ಎಂಬ ಎಲೆಯೊಂದಿದೆ. ಎದುರಾಳಿ ಅದನ್ನಿಟ್ಟರೆ ನಮ್ಮ ದಾಳಿ ನಡೆಯುವುದಿಲ್ಲ. ಬಸು ಹೊರಡುವಾಗ ಮೆಟ್ಟಿಲ ಮೇಲೆ ನಿಂತು ಅಕ್ಕನಿಗೆ, "ಆ ಮುದುಕ ಇರೋ ಮಟಾ ನಮ್ದೇನೂ ನಡಿಯಂಗಿಲ್ಲ. ಮೊದಲ ಅವನ್ನ ತಗದ ಬಿಡೂಣು" ಎಂದನಂತೆ. "ಬೆಂಕಿ ಹಚ್ಚಿದ್ರ ಸಾಕು" ಎಂದಳಂತೆ ಇವಳು. ಕೆಳಗೆ ಬಾಗಿಲ ಬಳಿ ಕೂತಿದ್ದ ಮನೆ ಮಾಲೀಕರು, ಎಪ್ಪತ್ತು ದಾಟಿದ ನಂಜುಂಡಯ್ಯನವರು, ಮರುದಿನ ನಾನು ಆಫೀಸಿಗೆ ಹೊರಟಾಗ ಗೇಟಿನಲ್ಲಿ ತಡೆದರು.

"ಸಾರ್, ನಾನೇನಾದ್ರೂ ನಿಮಗೆ ತೊಂದ್ರೆ ಕೊಟ್ಟಿದ್ದೀನಾ? ನೀರು ಬಿಡೋದು ತಡ ಮಾಡಿದ್ದೀನಾ? ಇದ್ರೆ ಮುಖಕ್ಕೇ ಹೇಳಿಬಿಡಿ ಸಾರ್" ಎಂದು ಕೈಮುಗಿದರು. ಅವರಿಗೆ ಆಟದ ವಿಷಯ ವಿವರಿಸಲು ಹೋಗಿ ನನಗೆ ಆಫೀಸು ತಡವಾಯಿತು. ಅವರು ನಂಬಿದಂತೆ ಕಾಣಲಿಲ್ಲ. ಆಮೇಲೆ ಬಹಳ ದಿನ ಬಸು ಬಂದಾಗಲೆಲ್ಲ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಿದ್ದರು.

ಕೊನೆಗೆ ನಾನೇ ಒಂದು ಭಾನುವಾರ ಕುರ್ಚಿ ಎಳೆದುಕೊಂಡು ಕಂಪ್ಯೂಟರ್ ಮುಂದೆ ಕೂತೆ. ಎಲೆ ಎಂದರೆ ಎಲೆಯೇ ತಾನೆ? ಒಳ್ಳೆಯ ಎಲೆ ಆರಿಸಬೇಕು, ಕೆಟ್ಟದ್ದು ಬಿಡಬೇಕು, ಇದಕ್ಕಿಂತ ದೊಡ್ಡ ಸ್ಟ್ರಾಟಜಿ ಪ್ರಪಂಚದಲ್ಲಿಲ್ಲ. ನಾನು ಇದ್ದ ಆನೆಗಳನ್ನೆಲ್ಲ ಹಾಕಿದೆ, ಚಕ್ರವರ್ತಿಗಳನ್ನು ಹಾಕಿದೆ, ಸೇನಾಪತಿಗಳನ್ನು ಹಾಕಿದೆ. ಆಡಿದ್ದು ಬಸುವಿನ ಎದುರು, ಅವನು ಸೈಬರ್ ಕೆಫೆಯಿಂದ. ನನ್ನ ಕೈಯಲ್ಲಿ ಆನೆಗಳು ಸಾಲಾಗಿ ನಿಂತಿವೆ, ಆದರೆ ಒಂದೂ ಕೆಳಗಿಳಿಯಲೊಲ್ಲದು. ಪ್ರತಿ ಎಲೆ ಇಳಿಸಲೂ ಧಾನ್ಯ ಬೇಕಂತೆ, ನನ್ನ ಕಟ್ಟಿನಲ್ಲಿ ಧಾನ್ಯವೇ ಇರಲಿಲ್ಲ. ಬಸುವಿನ ಬಡಕಲು ಸೈನಿಕರು ಬಂದು ನನ್ನ ಕೋಟೆಯನ್ನು ಕಲ್ಲು ಕಲ್ಲಾಗಿ ಕಿತ್ತುಕೊಂಡು ಹೋದರು. ಹಿಂದೆ ನಿಂತು ನೋಡುತ್ತಿದ್ದ ಗಿರಿಜಾ ಅಂದಳು: "ನಿಮ್ಮ ಕಟ್ಟಿನಾಗ ಎಲ್ಲಾರೂ ರಾಜರ ಅದಾರ. ಅಡಿಗಿ ಮಾಡಾಕ ಒಬ್ಬರೂ ಇಲ್ಲ." ಇದು ಬರೀ ಆಟದ ಬಗ್ಗೆ ಹೇಳಿದ ಮಾತಲ್ಲವೆಂದು ನನಗೆ ಆಗಲೇ ಅನಿಸಿತು. ಎದ್ದು ಹೊದಿಕೆ ಹೊದಿಸಿಬಿಟ್ಟೆ.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಿತ್ತು. ಸುದ್ದಗುಂಟೆಪಾಳ್ಯದ ಕಡೆಯ ಆ ಸೈಬರ್ ಕೆಫೆಯವನು ಜೋಡಿ ಆಟದ ಪಂದ್ಯ ಏರ್ಪಡಿಸಿದ. ಒಂದು ಕಡೆ ಇಬ್ಬರು, ಇನ್ನೊಂದು ಕಡೆ ಇಬ್ಬರು. ಅಕ್ಕ ತಮ್ಮ ಹೆಸರು ಕೊಟ್ಟರು. ಗಿರಿಜಾ ವಾರಗಟ್ಟಲೆ ಕೂತು ಎರಡು ಕಟ್ಟುಗಳನ್ನು ಒಂದಕ್ಕೊಂದು ಹೊಂದುವಂತೆ ಮಾಡಿದಳು. ಪರೀಕ್ಷೆಯ ಪ್ರಶ್ನೆಪತ್ರಿಕೆ ತಯಾರಿಸುವಾಗಲೂ ಅವಳ ಮುಖದಲ್ಲಿ ಆ ಗಾಂಭೀರ್ಯ ನಾನು ಕಂಡಿರಲಿಲ್ಲ. ಪಂದ್ಯದ ಹಿಂದಿನ ದಿನ ಬಸುವಿಗೆ ಆಫೀಸಿನಿಂದ ಕರೆ: ನಾಳೆ ರಜೆ ಇಲ್ಲ, ಬರಲೇಬೇಕು. ಗಿರಿಜಾಳ ಮುಖ ಬಾಡಿಹೋಯಿತು. ಬಸು ಬಹಳ ಹೊತ್ತು ಯೋಚಿಸಿ, "ಮಾಮಾನ್ನ ಕರ್ಕೊಂಡ ಹೋಗು ಅಕ್ಕಾ. ಬ್ಯಾರೆ ಯಾರದಾರ?" ಎಂದ. ನಾನು ಪಕ್ಕದಲ್ಲೇ ಇದ್ದೆ. ಈ 'ಬ್ಯಾರೆ ಯಾರದಾರ' ಎಂಬುದನ್ನು ಗಮನಿಸಬೇಕು. ಹೊಗಳಿ ಕರೆಯುವ ಸಂಪ್ರದಾಯ ಆ ಕಡೆಯವರಲ್ಲಿಲ್ಲವೋ, ನನ್ನ ವಿಷಯದಲ್ಲಿ ಮಾತ್ರ ಇಲ್ಲವೋ ತಿಳಿಯದು.

ಆಟೋದಲ್ಲಿ ದಾರಿಯುದ್ದಕ್ಕೂ ಪಾಠವಾಯಿತು. "ನೋಡ್ರಿ, ನಿಮ್ಮ ಸರದಿ ಬಂದಾಗೆಲ್ಲಾ ಒಂದು ಧಾನ್ಯದ ಎಲಿ ಇಡ್ರಿ, ಪಾಸ್ ಒತ್ರಿ. ಮತ್ತೇನೂ ಮಾಡಬ್ಯಾಡ್ರಿ."

"ನನ್ನ ಹತ್ರ ಆನೆ ಬಂದ್ರೆ?"

"ಬರ್ಲಿ. ನಾ ಹೇಳೋತನಕ ಇಳಸಬ್ಯಾಡ್ರಿ."

"ಹಾಗಾದ್ರೆ ನಾನ್ಯಾಕೆ ಬರ್ಬೇಕು?"

"ಇಬ್ಬರಿಲ್ಲದ ಆಡಾಕ ಬಿಡಂಗಿಲ್ಲ" ಎಂದಳು ಗಿರಿಜಾ. ಆಟೋದವನು ಕನ್ನಡಿಯಲ್ಲಿ ನನ್ನನ್ನೊಮ್ಮೆ ನೋಡಿದ.

ಕೆಫೆಯಲ್ಲಿ ಎಲ್ಲ ಇಪ್ಪತ್ತೈದರ ಆಸುಪಾಸಿನವರು. ನಮ್ಮಿಬ್ಬರನ್ನು ನೋಡಿ ಯಾರನ್ನೋ ಕರೆದೊಯ್ಯಲು ಬಂದ ತಂದೆತಾಯಿಯೆಂದು ತಿಳಿದು ಕುರ್ಚಿ ಕೊಟ್ಟರು. ಮೊದಲ ಆಟ ಗೆದ್ದೆವು, ಎರಡನೆಯದೂ ಗೆದ್ದೆವು. ಗೆದ್ದೆವು ಎನ್ನುವುದು ವ್ಯಾಕರಣದ ಸೌಜನ್ಯ. ಗಿರಿಜಾ ಗೆದ್ದಳು, ನಾನು ಪಾಸ್ ಒತ್ತಿದೆ. ಧಾನ್ಯ ರಾಶಿ ಬೀಳುತ್ತಿತ್ತು, ಆನೆಗಳು ನನ್ನ ಮುಖವನ್ನೇ ನೋಡುತ್ತಿದ್ದವು. ಮದುವೆ ಛತ್ರಗಳನ್ನು ನಡುಗಿಸಿದವನು ನಾನು!

ಫೈನಲ್ ಬಂತು. ಎದುರು ಇಬ್ಬರು ಎಂಜಿನಿಯರ್ ಯುವಕರು, ಮೂಲೆಯ ಎರಡು ಕಂಪ್ಯೂಟರ್‌ಗಳಲ್ಲಿ. ಇಬ್ಬರೂ ತಮ್ಮ ಸೈನ್ಯವನ್ನೆಲ್ಲ ಇಳಿಸಿದರು. ಗಿರಿಜಾ ತನ್ನದನ್ನೆಲ್ಲ ಇಳಿಸಿದಳು. ಪರದೆಯ ಮೇಲೆ ಜಾತ್ರೆ. ನನ್ನ ಸರದಿ. "ಪಾಸ್" ಎಂದಳು ಮೆಲ್ಲಗೆ. ಸಾಕು ಎನಿಸಿತು. ಈ ಸಲ ಒಂದಾದರೂ ಆನೆ ಇಳಿಸಿಯೇ ತೀರುವುದೆಂದು ಮೌಸು ಹಿಡಿದು ಆನೆಯ ಕಡೆಗೆ ಒಯ್ದೆ. ಆ ಕಾಲದ ಮೌಸುಗಳ ಹೊಟ್ಟೆಯಲ್ಲಿ ಒಂದು ಗುಂಡಿರುತ್ತಿತ್ತು, ಅದಕ್ಕೆ ಊರ ಕೊಳೆಯೆಲ್ಲ ಅಂಟಿರುತ್ತಿತ್ತು. ಬಾಣದ ಗುರುತು ಆನೆಯ ಹತ್ತಿರ ಬಂದದ್ದು ತಟಕ್ಕನೆ ಪಕ್ಕದ ಎಲೆಗೆ ಜಿಗಿಯಿತು. ಬೆರಳು ಅಷ್ಟರಲ್ಲಿ ಒತ್ತಿಯಾಗಿತ್ತು. ಅದು ಬೆಂಕಿ. ಎದುರಾಳಿಯ ಸೈನ್ಯಕ್ಕಷ್ಟೇ ತಗಲುವ ಸಣ್ಣ ಬೆಂಕಿಯಲ್ಲ, ಇಡೀ ರಣರಂಗವನ್ನೇ ಸುಡುವ ಬೆಂಕಿ. ಎದುರಿನವರ ಸೈನ್ಯ ಉರಿಯಿತು. ಅದರ ಜೊತೆಗೆ ನನ್ನ ಹೆಂಡತಿಯ ಸೈನ್ಯವೂ ಸಂಪೂರ್ಣವಾಗಿ ಉರಿಯಿತು.

ಗಿರಿಜಾ ನನ್ನ ಕಡೆ ತಿರುಗಿದಳು. ಆ ನೋಟವನ್ನು ವರ್ಣಿಸುವುದಿಲ್ಲ. ವಿವಾಹಿತರಿಗೆ ಬೇಕಾಗಿಲ್ಲ, ಅವಿವಾಹಿತರನ್ನು ಹೆದರಿಸುವುದು ನನ್ನ ಉದ್ದೇಶವಲ್ಲ.

ಆದರೆ ಹೊಗೆ ಅಡಗಿದ ಮೇಲೆ ನೋಡಿದರೆ, ರಣರಂಗದಲ್ಲಿ ಯಾರೂ ಇಲ್ಲ. ಎದುರಿನವರು ಇದ್ದಬದ್ದ ಧಾನ್ಯವನ್ನೆಲ್ಲ ಮುಗಿಸಿಕೊಂಡಿದ್ದಾರೆ. ನನ್ನ ಬಳಿ ಮಾತ್ರ ಇಡೀ ಆಟದಲ್ಲಿ ಪಾಸ್ ಒತ್ತಿ ಕೂಡಿಟ್ಟ ಧಾನ್ಯದ ಬೆಟ್ಟ, ಕೈತುಂಬ ಆನೆ. ಇನ್ನು ನನಗೂ ಹೇಳುವವರು ಬೇಕಿರಲಿಲ್ಲ. ಒಂದು ಆನೆ ಇಳಿಸಿದೆ, ಇನ್ನೊಂದು ಇಳಿಸಿದೆ, ಮತ್ತೊಂದು. ಕೋಟೆ ಪುಡಿಯಾಯಿತು. ಮೂಲೆಯ ಯುವಕ ಎದ್ದು ನಿಂತು ಕೂಗಿದ: "ಮಗಾ, ಇಷ್ಟು ಹೊತ್ತು ಸುಮ್ನೆ ಕೂತು ಕಾಯ್ತಿದ್ರಲ್ಲೋ ಅಂಕಲ್ಲು! ಸ್ವಂತ ಪಾರ್ಟ್ನರ್ ಆರ್ಮಿನೇ ಸುಟ್ಟಾಕಿದ್ರು ಗುರು! ಎಂಥಾ ಗುಂಡಿಗೆ!" ಎಲ್ಲರೂ ಬಂದು ನನ್ನ ಕೈಕುಲುಕಿದರು. ನಾನು ಮುಗುಳ್ನಕ್ಕೆ. ಆ ಮುಗುಳ್ನಗೆಯೇ ನನಗೆ ಮುಳುವಾಯಿತು.

ಕೋಟೆ ಆಟದವರಿಗೆಲ್ಲ ಇಂಟರ್‌ನೆಟ್ಟಿನಲ್ಲಿ ಒಂದು ಹರಟೆಕಟ್ಟೆ ಇತ್ತು. ಆ ವಾರವಿಡೀ ಅಲ್ಲಿ ನನ್ನದೇ ಮಾತು. ನನ್ನ ನಡೆಗೆ 'ಅಂಕಲ್ ಬೆಂಕಿ' ಎಂದು ನಾಮಕರಣವಾಗಿತ್ತು. ಎಷ್ಟು ಧಾನ್ಯ ಕೂಡಿದ ಮೇಲೆ ಬೆಂಕಿ ಹಚ್ಚಬೇಕು, ಜೊತೆಗಾರನ ಸೈನ್ಯವನ್ನು ಬಲಿ ಕೊಡುವುದು ಧರ್ಮವೇ ಅಲ್ಲವೇ ಎಂದು ಪುಟಗಟ್ಟಲೆ ಚರ್ಚೆ. ಗಿರಿಜಾಳ ಪ್ರಸ್ತಾಪ ಒಂದು ಕಡೆ ಮಾತ್ರ ಇತ್ತು: 'ಅಂಕಲ್ ಜೊತೆ ಬಂದಿದ್ದ ಆಂಟಿ.' ಅದನ್ನು ಓದಿದವಳು ಕಂಪ್ಯೂಟರ್ ಆರಿಸಿ ಎದ್ದುಹೋದಳು. ಎರಡೂ ಕಟ್ಟು ಅವಳದು, ಉಪಾಯ ಅವಳದು, ಮುಂದಿನ ಸರದಿಯಲ್ಲಿ ತಾನೇ ಗೆಲ್ಲುತ್ತಿದ್ದೆನೆಂದು ಬಸುವಿನ ಎದುರು ಲೆಕ್ಕ ಬಿಡಿಸಿ ತೋರಿಸಿದಳು. ನನಗೆ ನಿಜಕ್ಕೂ ಸಂಕಟವಾಯಿತು. ಆ ಹರಟೆಕಟ್ಟೆಗೆ ಹೋಗಿ, ಎರಡು ಬೆರಳಲ್ಲಿ ಕುಟ್ಟಿ ಕುಟ್ಟಿ ಬರೆದೆ: ಮೌಸು ಜಾರಿತು, ನನಗೆ ಈ ಆಟ ಬರುವುದೇ ಇಲ್ಲ, ಕಟ್ಟು ಮಾಡಿದವಳೂ ಗೆಲ್ಲಬೇಕಾದವಳೂ ನನ್ನ ಹೆಂಡತಿ. ಗಳಿಗೆಯಲ್ಲಿ ಉತ್ತರಗಳು ಬಂದು ಬಿದ್ದವು. 'ಎಂಥಾ ವಿನಯ ಅಂಕಲ್!' 'ಸ್ಟ್ರಾಟಜಿ ಬಿಟ್ಟುಕೊಡ್ತಿಲ್ಲ ನೋಡ್ರೋ, ಸಖತ್ ಕಿಲಾಡಿ!' ಸತ್ಯ ಹೇಳಿದವನಿಗೆ ಇಷ್ಟು ಅವಮಾನ ಬೇರೆಲ್ಲೂ ಆಗಲಾರದು.

ಮುಂದಿನ ಪಂದ್ಯ ಒಬ್ಬೊಬ್ಬರದು. ಜನ ಒತ್ತಾಯ ಮಾಡಿ ನನ್ನ ಹೆಸರು ಸೇರಿಸಿದರು. ಮೊದಲ ಸುತ್ತಿನಲ್ಲೇ ನನಗೆ ಎದುರಾದವಳು ಗಿರಿಜಾ. ನಾನೂ ಬಿಡಲಿಲ್ಲ, ಮೈಯೆಲ್ಲ ಕಣ್ಣಾಗಿ ಆಡಿದೆ, ಧಾನ್ಯ ಕೂಡಿಟ್ಟೆ, ಬೆಂಕಿ ಹಚ್ಚಿದೆ. ಅವಳು ಅದಕ್ಕೆಂದೇ ನೀರಿನ ಎಲೆಗಳನ್ನು ತುಂಬಿಕೊಂಡು ಬಂದಿದ್ದಳು. ಒಂದು ಲೋಟ ಕಾಫಿ ಆರುವುದರೊಳಗೆ ನನ್ನ ಕೋಟೆ ನೆಲಸಮ. ಅವಳ ಮುಖ ಅರಳಿತು. ಆಗ ಹಿಂದಿನಿಂದ ಒಬ್ಬ ಪುಣ್ಯಾತ್ಮ, "ಬೇಕಂತ್ಲೇ ಸೋತ್ರು ಕಣೋ. ಮನೇಲಿ ನೆಮ್ಮದಿ ಬೇಡ್ವಾ? ಇದಪ್ಪಾ ಸ್ಟ್ರಾಟಜಿ ಅಂದ್ರೆ!" ಎಂದ. ಅರಳಿದ ಮುಖ ಮುದುಡಿತು.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಕೇಳಿದಳು: "ಖರೇ ಹೇಳ್ರಿ. ಬೇಕಂತ ಸೋತ್ರೇನು?"

"ಇಲ್ಲ ಕಣೇ! ದೇವರಾಣೆ, ನಾನು ನಿಜವಾಗ್ಲೂ ದಡ್ಡ!"

ಇಂಥ ಮಾತನ್ನು ಗಂಡಸೊಬ್ಬ ಹೆಂಡತಿಗೆ ಆಣೆ ಮಾಡಿ ಹೇಳಬೇಕಾದ ಗತಿ ಯಾರಿಗೂ ಬೇಡ. ಅವಳು ನಂಬಲಿಲ್ಲ. ಸಾಕ್ಷ್ಯ ಬೇಕೆಂದಳು. ಹೀಗಾಗಿ ಪ್ರತಿ ಭಾನುವಾರ ತಿಂಡಿಯಾದ ಮೇಲೆ ಬಸುವಿನ ಎದುರು ನಾನು ಅವಳೊಡನೆ ಅದೇ ಕಂಪ್ಯೂಟರಿನಲ್ಲಿ ಸರದಿಯಂತೆ ಕೂತು ಆಡಿ ಸೋಲುವುದು ನಿಯಮವಾಯಿತು. ಗೆಲ್ಲಲು ಪ್ರಾಮಾಣಿಕವಾಗಿ ಹೆಣಗುತ್ತಿದ್ದೆ, ಪ್ರಾಮಾಣಿಕವಾಗಿ ಸೋಲುತ್ತಿದ್ದೆ. ಬಸು ನನ್ನ ಮೂಗಿನ ಹೊಳ್ಳೆಯವರೆಗೂ ಪರೀಕ್ಷಿಸಿ, "ನಾಟಕ ಅಲ್ಲ ಬಿಡಕ್ಕಾ. ಮಾಮಾಗ ಖರೇನ ಬರಂಗಿಲ್ಲ" ಎಂದು ತೀರ್ಪು ಕೊಡುತ್ತಿದ್ದ. ನಿಧಾನವಾಗಿ ಗಿರಿಜಾಳ ಮುಖ ತಿಳಿಯಾಯಿತು, ರೊಟ್ಟಿಯ ಮೇಲೆ ಬೆಣ್ಣೆ ಮರಳಿ ಬಂತು. ಮನೆಯಲ್ಲಿ ಇಷ್ಟು ಸೌಖ್ಯ ಎಷ್ಟೋ ಕಾಲದಿಂದ ಇರಲಿಲ್ಲ.

ಹೀಗಿರುತ್ತ ಒಂದು ಭಾನುವಾರ, ಏನು ಒತ್ತಿದೆನೋ ನನಗೇ ತಿಳಿಯದು, ಅವಳ ಕೋಟೆ ಬಿದ್ದುಹೋಯಿತು. ಮೂವರೂ ಪರದೆಯನ್ನೇ ನೋಡಿದೆವು. ಬಸು ಮೆಲ್ಲಗೆ ಕುರ್ಚಿಯಿಂದ ಎದ್ದ.

"ಹಂಗಾದ್ರ ಮಾಮಾ," ಎಂದ, "ಇಷ್ಟು ದಿವಸ ಸೋತಿದ್ದು…?"

ಗಿರಿಜಾ ಒಳಗೆ ಹೋಗಿ, ಹೆಂಚು ಕಾಯಲಿಟ್ಟಿದ್ದ ಒಲೆ ಆರಿಸಿದಳು. ಇನ್ನೂ ರೊಟ್ಟಿ ಬಡಿಯಲು ಶುರುಮಾಡಿರಲಿಲ್ಲ.