ನಡುಗಡ್ಡೆಯಲ್ಲಿ ಹೆಂಡತಿಯ ನಿದ್ದೆ

ವಿಶ್ರಾಂತಿ ತಗೊಳ್ಳುವುದು ಎಲ್ಲರ ಕೈಲಾಗುವ ಕೆಲಸವಲ್ಲ. ಸುಮ್ಮನೆ ಕೂಡಲಿಕ್ಕೆ ಯಾವ ವಿದ್ಯೆ ಬೇಕು ಎಂದು ನೀವು ನಗಬಹುದು. ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ, ಮಧ್ಯಾಹ್ನದ ಊಟ ಮುಗಿಸಿ ಕಟ್ಟೆಯ ಮೇಲೆ ಕೂತರೆ ಸಂಜೆಯ ಚಹಾದ ತನಕ ಒಂದೇ ಆಡನ್ನು ನೋಡುತ್ತ ಕೂಡಬಲ್ಲ ಮಹನೀಯರು ಇದ್ದಾರೆ. ಅವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನಾನು ಕೂತರೆ ಐದು ನಿಮಿಷಕ್ಕೆ ಕಾಲು ಅಲುಗಾಡುತ್ತದೆ, ಹತ್ತು ನಿಮಿಷಕ್ಕೆ ಎದ್ದು ಮನೆಯಲ್ಲಿ ಯಾವುದಾದರೂ ನಲ್ಲಿ ಸೋರುತ್ತಿದೆಯೇ ಎಂದು ಹುಡುಕುತ್ತೇನೆ. ಸೋರದಿದ್ದರೆ ತಿರುವಿ ತಿರುವಿ ಸೋರುವ ಹಾಗೆ ಮಾಡುತ್ತೇನೆ. ಈ ದೋಷದಿಂದಾಗಿಯೇ ನಾನು ಕಟ್ಟಿಕೊಂಡ ಹೆಂಡತಿಯನ್ನು ಹೋದ ಚಳಿಗಾಲದಲ್ಲಿ ಬ್ರಹ್ಮಪುತ್ರಾ ನದಿಯ ನಡುವೆ ಬಿಟ್ಟು ಹೋದದ್ದು. ನೆಂಟರಿಗೆ ಇದನ್ನು ಬೇರೆ ಥರ ಹೇಳಿದ್ದೇನೆ. ನಿಮ್ಮ ಮುಂದೆ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನಾನು ಮೂವತ್ಮೂರು ವರ್ಷ ರೈಲ್ವೆ ರಿಸರ್ವೇಷನ್ ಕೌಂಟರಿನಲ್ಲಿ ಕೂತವನು. ಊರಿನ ಅರ್ಧ ಜನರನ್ನು ಕಾಶಿಗೆ ಕಳಿಸಿದ್ದೇನೆ, ನಾನು ಮಾತ್ರ ಗದಗ ದಾಟಿದ್ದು ಕಡಿಮೆ. ಹೆಂಡತಿ ಗಿರಿಜಾ ಸತ್ತೂರಿನ ಆಸ್ಪತ್ರೆಯಲ್ಲಿ ನರ್ಸು. ನನ್ನದು ಬೆಳಗಿನ ಪಾಳಿ ಇದ್ದಾಗ ಅವಳದು ರಾತ್ರಿಯದು, ಅವಳದು ಬೆಳಗಿನದಾದಾಗ ನನ್ನದು ಸಂಜೆಯದು. ನಾವು ಮಾತಾಡಿದ್ದಕ್ಕಿಂತ ಕ್ಯಾಲೆಂಡರಿನ ಮೇಲೆ ಬರೆದದ್ದೇ ಹೆಚ್ಚು. ‘ಸಿಲಿಂಡರ್ ಬಂದಿಲ್ಲ’ ಎಂದು ಅವಳು, ‘ನಾಳೆ ಬರುತ್ತದೆ’ ಎಂದು ಕೆಳಗೆ ನಾನು. ಮಗಳು ಇಂಥ ಕ್ಯಾಲೆಂಡರುಗಳ ಕೆಳಗೇ ಬೆಳೆದು, ಓದಿ, ಮದುವೆಯಾಗಿ ಬೆಳಗಾವಿಗೆ ಹೋದಳು. ಒಂದೇ ವರ್ಷ ಇಬ್ಬರೂ ನಿವೃತ್ತರಾದೆವು. ಇನ್ನು ಮೇಲೆ ಜೊತೆಯಾಗಿ ಇರೋಣ ಎಂಬ ಉಮೇದಿನಲ್ಲಿ ನಾನು ತೊಂಬತ್ತು ದಿನಗಳ ಪ್ರವಾಸದ ಒಂದು ಚಾರ್ಟು ಮಾಡಿದೆ. ಬೆನ್ನಿಗೊಂದೊಂದು ಚೀಲ, ಮೂವತ್ತೊಂದು ರೈಲು, ಎಲ್ಲವೂ ಕನ್ಫರ್ಮ್. ಗಿರಿಜಾ ಅದನ್ನು ಓದಿ, “ಇದರಾಗ ಮಲಗೂದು ಎಲ್ಲೈತ್ರಿ?” ಎಂದಳು. ರೈಲಿನಲ್ಲಿ ಬರ್ತ್ ಇದೆಯಲ್ಲ ಎಂದೆ. ಅವಳು ಮುಂದೆ ಏನೂ ಕೇಳಲಿಲ್ಲ. ಒಪ್ಪಿಗೆ ಎಂದು ತಿಳಿದೆ. ಹೆಂಡತಿ ಸುಮ್ಮನಿದ್ದರೆ ಒಪ್ಪಿಗೆ ಎಂದು ತಿಳಿಯುವ ಗಂಡಸರ ಸಂಘವಿದ್ದರೆ ನಾನು ಅದರ ಆಜೀವ ಸದಸ್ಯ.

ಮೊದಲ ಐವತ್ತು ದಿನ ಬಹಳ ಛಲೋ ಹೋದವು. ಪುರಿ, ಕೋಲ್ಕತ್ತಾ, ಡಾರ್ಜಿಲಿಂಗ್. ದಿನವಿಡೀ ನಾವು ಮಾತಾಡುತ್ತಲೇ ಇದ್ದೆವು. ಯಾವ ಪ್ಲಾಟ್‌ಫಾರ್ಮು, ಚೀಲ ಎಣಿಸಿದೆಯಾ, ನೀರು ತಗೊಂಡೆಯಾ, ಲಗೂ ಏರು, ಹುಷಾರಾಗಿ ಇಳಿ. ಮೂವತ್ತು ವರ್ಷದ ಬಾಕಿ ಮಾತೆಲ್ಲ ತೀರಿಸುತ್ತಿದ್ದೇವೆ ಎಂದು ನನಗೆ ಹೆಮ್ಮೆ. ಹಾಗೇ ಅಸ್ಸಾಮಿನ ಮಾಜುಲಿ ಎಂಬ ನಡುಗಡ್ಡೆಗೆ ಬಂದೆವು. ಚಾರ್ಟಿನಲ್ಲಿ ಅದರ ಮುಂದೆ ‘ವಿಶ್ರಾಂತಿ, ಎರಡು ದಿನ’ ಎಂದು ಬರೆದಿದ್ದೆ. ಅಷ್ಟು ಉದಾರನಾದದ್ದಕ್ಕೆ ಕಾರಣ ಇಷ್ಟೇ, ನಾನು ಹಿಡಿಯಬೇಕಿದ್ದ ರೈಲಿನಲ್ಲಿ ಆ ಎರಡು ದಿನ ಸೀಟು ಇರಲಿಲ್ಲ.

ದೋಣಿಯಲ್ಲಿ ಒಂದು ತಾಸಿಗಿಂತ ಹೆಚ್ಚು. ನಮ್ಮ ಜೊತೆ ಮೋಟರ್ ಸೈಕಲ್ಲುಗಳೂ ಒಂದು ಕಾರೂ ನದಿ ದಾಟಿದವು. ನಾವು ಇಳಿದುಕೊಂಡದ್ದು ಬಿದಿರಿನ ಕಂಬಗಳ ಮೇಲೆ ಎತ್ತರಕ್ಕೆ ನಿಲ್ಲಿಸಿದ ಮನೆಯಲ್ಲಿ. ಅದರ ಒಡತಿ ರೂಪಾಲಿ, ನಮ್ಮದೇ ವಯಸ್ಸಿನ ಹೆಣ್ಣುಮಗಳು. ಮನೆಯ ಕೆಳಗೆ ನೆರಳಿನಲ್ಲಿ ಅವಳ ಮಗ್ಗ, ಮಗ್ಗದ ಸುತ್ತ ಅವಳ ಬಾತುಕೋಳಿಗಳು. ಅವಳ ಹಿಂದಿ ಅಸ್ಸಾಮಿನದು, ನನ್ನದು ಹುಬ್ಬಳ್ಳಿಯದು. ಎರಡೂ ಹಿಂದಿಗಳು ಅರ್ಧ ದಾರಿಯಲ್ಲಿ ಭೇಟಿಯಾಗಿ ಕೈಕುಲುಕಿ ತಮ್ಮ ತಮ್ಮ ಊರಿಗೆ ಹೊರಟುಹೋಗುತ್ತಿದ್ದವು. ಗಿರಿಜಾ ಅನ್ನ, ಬೇಳೆ ಉಂಡಳು, ಕೈ ತೊಳೆದಳು, ಚಾಪೆಯ ಮೇಲೆ ಅಡ್ಡಾದಳು. ಮತ್ತೆ ಎದ್ದದ್ದು ಮರುದಿನ ಬಿಸಿಲೇರಿದ ಮೇಲೆ. ಎದ್ದು ಹಾಲಿಲ್ಲದ ಕೆಂಪು ಚಹಾ ಕುಡಿದಳು, ನದಿಯ ಕಡೆ ಒಂದಿಷ್ಟು ಹೊತ್ತು ನೋಡಿದಳು, ಮತ್ತೆ ಮಲಗಿದಳು.

ನಾನು ಬಾಡಿಗೆ ಸೈಕಲ್ ತಗೊಂಡು ನಡುಗಡ್ಡೆ ಸುತ್ತಿದೆ. ಮಠಗಳನ್ನು ನೋಡಿದೆ, ಬಿದಿರು ಮಣ್ಣಿನಿಂದ ಮುಖವಾಡ ಮಾಡುವವರನ್ನು ನೋಡಿದೆ, ಹೇಳಲಿಕ್ಕೆ ಹೊಟ್ಟೆ ತುಂಬ ಸುದ್ದಿ ಇಟ್ಟುಕೊಂಡು ಮರಳಿದೆ. ಅವಳು ಮಲಗಿದ್ದಳು. ಸುದ್ದಿಯನ್ನು ರೂಪಾಲಿಗೆ ಹೇಳಿದೆ. ಅವಳು ನಕ್ಕು ತಲೆಯಾಡಿಸಿ ಇನ್ನೊಂದು ಲೋಟ ಚಹಾ ತಂದಿಟ್ಟಳು. ನನ್ನ ಇಡೀ ಮುಖವಾಡದ ವರ್ಣನೆಯಲ್ಲಿ ಅವಳಿಗೆ ತಿಳಿದದ್ದು ನನಗೆ ಚಹಾ ಬೇಕು ಎಂದು. ಅಲ್ಲಿ ನಾಲ್ಕೂವರೆಗೆ ಸೂರ್ಯ ಮುಳುಗಿಬಿಡುತ್ತಾನೆ. ಹುಬ್ಬಳ್ಳಿಯಲ್ಲಿ ಇನ್ನೂ ಮಿರ್ಚಿ ಭಜಿ ಬಾಣಲೆಗೆ ಬೀಳದ ಹೊತ್ತು. ಮಾತಾಡಲಿಕ್ಕೆ ಒಬ್ಬರಿಲ್ಲ. ಒಂದು ಬಾತುಕೋಳಿಗೆ, ಕನ್ನಡದಲ್ಲೇ, “ಏನವಾ, ನಿಂದೂ ಊಟಾತೇನ?” ಎಂದು ಕೇಳಿದೆ. ಅದು ಹೊರಳಿ ನಡೆಯಿತು.

ಬೇರೆ ದಾರಿಯಿಲ್ಲದೆ ಹೆಂಡತಿಯ ಪಕ್ಕದಲ್ಲಿ ಕೂತೆ. ನಾನು ಅವಳನ್ನು ಹೀಗೆ ಬೆಳಕಿನಲ್ಲಿ, ನಿದ್ದೆಯಲ್ಲಿ ಎಂದೂ ನೋಡಿಯೇ ಇರಲಿಲ್ಲ. ರಾತ್ರಿ ಪಾಳಿ ಮುಗಿಸಿ ಅವಳು ಹಗಲು ಮಲಗುವಾಗ ನಾನು ಕೌಂಟರಿನಲ್ಲಿ ಇರುತ್ತಿದ್ದೆ. ಮೂಗಿನ ಮೇಲೆ ಕನ್ನಡಕ ಒತ್ತಿದ ಎರಡು ಗುಳಿಗಳು. ಬಲಗೈಯ ಮೂರು ಬೆರಳು ಎಡಗೈಯ ಮಣಿಕಟ್ಟಿನ ಮೇಲೆ. ನಿದ್ದೆಯಲ್ಲೂ ಅವಳು ನಾಡಿ ಹಿಡಿದಿದ್ದಳು, ತನ್ನದೇ. ನನಗೆ ಯಾಕೋ ಹೆದರಿಕೆಯಾಯಿತು. ಮೈಯಲ್ಲಿ ಹುಷಾರಿಲ್ಲವೋ ಎಂದು ಹಣೆ ಮುಟ್ಟಿದೆ. ಕಣ್ಣು ತೆರೆಯದೆಯೇ, “ಜ್ವರಾ ಇಲ್ರಿ, ಕೈ ತಗೀರಿ” ಎಂದಳು. ಆ ದಿನ ನಮ್ಮಿಬ್ಬರ ನಡುವೆ ನಡೆದ ಸಂಭಾಷಣೆ ಅದೊಂದೇ.

ಮೂರನೆಯ ದಿನ ಬೆಳಿಗ್ಗೆ ಚೀಲ ಕಟ್ಟಿ, ಬೂಟು ಹಾಕಿಕೊಂಡು ನಿಂತೆ. “ಗಿರಿಜಾ, ಏಳ. ದೋಣಿ ಹೊತ್ತಾತು.”

ಅವಳು ಎದ್ದು ಕೂತಳು. “ನೀವು ಹೋಗ್ರಿ. ನಾ ಇಲ್ಲೇ ಇರ್ತೇನಿ.”

“ಎಷ್ಟು ದಿನಾ?”

“ನಿದ್ದಿ ಮುಗಿಯೂತನಕ.”

“ಟಿಕೀಟು ಕನ್ಫರ್ಮ್ ಅದಾವ ಮಾರಾಯ್ತಿ! ಗುವಾಹಟಿಗೆ ಎರಡೂ ಕಿಡಕಿ ಸೀಟು!”

“ಒಂದರ ಮ್ಯಾಲ ಚೀಲಾ ಇಡ್ರಿ.”

“ಮತ್ತ ನಾನು?” ಎಂದೆ. ಈ ಮಾತು ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ. ಸಣ್ಣ ಮಕ್ಕಳು ಜಾತ್ರೆಯಲ್ಲಿ ಕೈ ಬಿಟ್ಟುಹೋದಾಗ ಕೇಳುವ ದನಿಯಲ್ಲಿ ಬಂತು. ಅವಳು ನನ್ನನ್ನು ಒಂದು ಗಳಿಗೆ ನೋಡಿ, ಸಿಟ್ಟಿಲ್ಲದೆ, “ನಿಮಗ ಚಾರ್ಟು ಐತಲ್ಲ್ರೀ” ಎಂದು ಮತ್ತೆ ಅಡ್ಡಾದಳು.

ಹೊರಟೇಬಿಟ್ಟೆ. ದಂಡೆಯ ತನಕ ನಿಧಾನ ನಡೆದೆ, ಹಿಂದಿನಿಂದ ಕೂಗಬಹುದು ಎಂದು. ದೋಣಿ ಬಿಡುವ ತನಕ ಅಂಚಿನಲ್ಲೇ ನಿಂತೆ, ಓಡಿ ಬಂದರೆ ಕಾಣಲಿ ಎಂದು. ಯಾರೂ ಬರಲಿಲ್ಲ. ನಿಜ ಹೇಳಬೇಕೆಂದರೆ, ಅವಳು ಅಷ್ಟರಲ್ಲಿ ಗಾಢ ನಿದ್ದೆಯಲ್ಲಿದ್ದಳಂತೆ. ನನ್ನ ಕೋಪವನ್ನು ನೋಡುವವರೇ ಇಲ್ಲದೆ ಅದು ನಡುನದಿಗೆ ಬರುವಷ್ಟರಲ್ಲಿ ತಣ್ಣಗಾಯಿತು. ಆದರೆ ದೋಣಿ ಹಿಂದಕ್ಕೆ ಹೋಗುವುದಿಲ್ಲವಲ್ಲ.

ಗುವಾಹಟಿಯಲ್ಲಿ ಚಾರ್ಟಿನ ಪ್ರಕಾರ ಎಲ್ಲವನ್ನೂ ನೋಡಿದೆ. ಗುಡ್ಡದ ಗುಡಿ ನೋಡಿದೆ, ಗೆರೆ ಎಳೆದೆ. ಸಂಗ್ರಹಾಲಯ ನೋಡಿದೆ, ಗೆರೆ ಎಳೆದೆ. ಫೋಟೊ ತೆಗೆಯಿರಿ ಎಂದು ಒಬ್ಬರ ಕೈಗೆ ಫೋನ್ ಕೊಟ್ಟರೆ ಅವರು, “ಇನ್ನೊಬ್ಬರು ಬರಲಿ, ಕಾಯುತ್ತೇನೆ” ಎಂದರು. ನಾನು ಅಭ್ಯಾಸಬಲದಿಂದ ಎಡಗಡೆ ಒಬ್ಬರಿಗೆ ಜಾಗ ಬಿಟ್ಟು ನಿಂತಿದ್ದೆ. ಹೋಟೆಲಿನಲ್ಲಿ ಊಟಕ್ಕೆ ಕೂತರೆ ಎದುರಿನ ಕುರ್ಚಿಯನ್ನು, “ಇದು ಖಾಲಿ ಇದೆಯೇ?” ಎಂದು ಕೇಳಿ ಎತ್ತಿಕೊಂಡು ಹೋಗುತ್ತಿದ್ದರು. ಪ್ರತಿ ಸಂಜೆ ಗಿರಿಜಾಳ ಫೋನಿಗೆ ಫೋನ್ ಮಾಡುತ್ತಿದ್ದೆ. ರೂಪಾಲಿ ಎತ್ತಿ, ಮಲಗಿದ್ದಾಳೆ ಎನ್ನುತ್ತಿದ್ದಳು. ಆಗಲಿ ಎಂದು ಅಂದು ಕಂಡದ್ದನ್ನೆಲ್ಲ ರೂಪಾಲಿಗೇ ವರದಿ ಮಾಡುತ್ತಿದ್ದೆ. ಪಾಪ, ತಿಳಿಯದಿದ್ದರೂ ಕೇಳುತ್ತಿದ್ದಳು. ಫೋನಿನಲ್ಲಿ ಚಹಾ ಕೊಡಲು ಬರುವುದಿಲ್ಲವಲ್ಲ.

ನಾಲ್ಕನೆಯ ದಿನ ಫೋನ್ ಎತ್ತಿದ ತಕ್ಷಣ ಆ ಕಡೆ ಯಾರೋ ನಗುತ್ತಿದ್ದರು. ದೊಡ್ಡ ನಗು, ಉಸಿರು ಸಿಗದೆ ನಿಂತು ಮತ್ತೆ ಹೊರಡುವ ನಗು. ನಾನು ಹಿಂದಿಯಲ್ಲಿ ಬಹಳ ಮರ್ಯಾದೆಯಿಂದ, ಯಾರು ಮಾತಾಡುತ್ತಿರುವುದು, ಸ್ವಲ್ಪ ಗಿರಿಜಾಳನ್ನು ಕರೆಯುತ್ತೀರಾ ಎಂದೆ.

“ನಾನ್ರಿ!” ಎಂದಿತು ಆ ದನಿ. “ನೀವು ಬಿಟ್ಟು ಹೋದ ಉಣ್ಣಿ ಟೊಪ್ಪಿಗ್ಯಾಗ ಬಾತುಕೋಳಿ ತತ್ತಿ ಇಟ್ಟೈತ್ರಿ!”

ನನ್ನ ಹೆಂಡತಿಯ ನಗು ನನಗೆ ಗುರುತು ಸಿಗಲಿಲ್ಲ. ಮೂವತ್ತು ವರ್ಷ ಒಂದೇ ಮನೆಯಲ್ಲಿ ಇದ್ದವನಿಗೆ. ಆ ನಗು ಮೊದಲಿನಿಂದಲೂ ಇತ್ತೋ, ಆಸ್ಪತ್ರೆಯವರು ಕೇಳಿದ್ದರೋ, ಅಥವಾ ಈ ನಾಲ್ಕು ದಿನದ ನಿದ್ದೆಯಲ್ಲಿ ಹುಟ್ಟಿತೋ, ಅದೂ ನನಗೆ ಗೊತ್ತಿಲ್ಲ. ಫೋನ್ ಇಟ್ಟ ಮೇಲೆ ಲಾಡ್ಜಿನ ಮಂಚದ ಮೇಲೆ ಅರ್ಧ ತಾಸು ಅಲುಗಾಡದೆ ಕೂತಿದ್ದೆ. ಕಾಲು ಕೂಡ ಸುಮ್ಮನಿತ್ತು.

ಎದ್ದು ಸ್ಟೇಷನ್ನಿಗೆ ಹೋಗಿ, ಮುಂದಿನ ಟಿಕೀಟುಗಳನ್ನೆಲ್ಲ ರದ್ದು ಮಾಡಲು ಸಾಲಿನಲ್ಲಿ ನಿಂತೆ. ಗಾಜಿನ ಈ ಕಡೆ ನಿಂತು ನೋಡಿದರೆ ಆ ಕಡೆಯವನ ಬೈತಲೆ ಮಾತ್ರ ಕಾಣುತ್ತದೆ. ಅರ್ಜಿಗಳನ್ನು ಕೊಟ್ಟೆ. ಅವನು ತಲೆ ಎತ್ತಲಿಲ್ಲ. ಯಾಕೆ ಇಷ್ಟೊಂದು ರದ್ದು ಎಂದು ಕೇಳುತ್ತಾನೇನೋ ಎಂದು ಕಾದೆ. ಕೇಳಿದ್ದರೆ ಹೇಳಿಬಿಡುತ್ತಿದ್ದೆ, ಎಲ್ಲವನ್ನೂ. ಅವನು “ನೆಕ್ಸ್ಟ್” ಎಂದ. ಅದೇ ದನಿಯಲ್ಲಿ ಆ ಶಬ್ದವನ್ನು ನಾನು ಎಷ್ಟು ಜನರಿಗೆ ಅಂದಿದ್ದೆನೋ. ಅವರಲ್ಲಿ ಎಷ್ಟು ಜನ ಹೀಗೆ ಒಂದು ಮಾತಿಗೆ ಕಾದಿದ್ದರೋ.

ಮರುದಿನ ಮಧ್ಯಾಹ್ನ ಮಾಜುಲಿಗೆ ಬಂದಾಗ ಗಿರಿಜಾ ಮಗ್ಗದ ಪಕ್ಕ ಕೂತು ನೂಲು ಸುತ್ತುತ್ತಿದ್ದಳು. ನನ್ನನ್ನು ನೋಡಿ, “ಬಂದ್ರೇನು? ಕೂಡ್ರಿ” ಎಂದಳು. ನೀನಿಲ್ಲದೆ ಇರಲಿಕ್ಕೆ ಆಗಲಿಲ್ಲ ಎನ್ನಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ. “ಗುವಾಹಟಿಯೊಳಗ ಭಾಳ ಧೂಳು” ಎಂದೆ. ಆಮೇಲೆ ಕೂತು, ಕಂಡದ್ದನ್ನೆಲ್ಲ ಹೇಳತೊಡಗಿದೆ. ಗುಡ್ಡ, ಗುಡಿ, ಕುರ್ಚಿ, ಬೈತಲೆ. ಅವಳು ಎಚ್ಚರವಾಗಿ, ನನ್ನ ಮುಖ ನೋಡುತ್ತ, ಪೂರಾ ಕೇಳಿದಳು. ಹೀಗೆ ಕೇಳುವವರು ಸಿಕ್ಕರೆ ಮನುಷ್ಯ ನಿಲ್ಲಿಸುತ್ತಾನೆಯೇ? ಸೂರ್ಯ ಮುಳುಗುವ ಹೊತ್ತಿಗೆ ಉಸಿರು ತಗೊಂಡೆ.

“ಆತೇನ್ರಿ?” ಎಂದಳು. “ನಾ ಇಲ್ಲೆ ಏನ್ ಮಾಡಿದೆ ಅಂತ ಕೇಳ್ಲಿಲ್ಲಲ್ಲ?”

ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಬಿರಿಯಲಿಕ್ಕೆ ಅದು ಮೇಲಿನ ಮನೆಯ ಬಿದಿರಿನ ನೆಲವೂ ಅಲ್ಲ, ಬರೀ ಮಣ್ಣು. “ಏನ್ ಮಾಡಿದಿ?” ಎಂದೆ.

“ಏನೂ ಮಾಡ್ಲಿಲ್ರಿ. ನಿದ್ದಿ ಮಾಡಿದೆ. ಎದ್ದು ನದಿ ದಂಡಿಗೆ ಹೋಗಿ ಕುಂತೆ. ಎಷ್ಟು ಹೊತ್ತಾದ್ರೂ ಯಾರೂ ‘ಸಿಸ್ಟರ್’ ಅಂತ ಕೂಗ್ಲಿಲ್ಲ.” ಅಷ್ಟು ಹೇಳಿ ನೂಲು ಸುತ್ತುವುದನ್ನು ಮುಂದುವರಿಸಿದಳು. ನಾನು ಉಂಡೆ ಹಿಡಿದುಕೊಂಡೆ. ಆ ನಡುಗಡ್ಡೆಯಲ್ಲಿ ನಾವು ಇನ್ನೂ ಹದಿನೈದು ದಿನ ಇದ್ದೆವು. ನಾನು ಕೂಡುವುದನ್ನು ಕಲಿತೆ ಎಂದು ಹೇಳಲಾರೆ. ಅಲುಗಾಡದೆ ಉಂಡೆ ಹಿಡಿಯುವುದನ್ನು ಕಲಿತೆ.

ಊರಿಗೆ ಬಂದ ಮೇಲೆ ಎದುರು ಮನೆಯ ಶಾರದಕ್ಕ ಒಂದು ದಿನ ಬಂದು ಪಡಸಾಲೆಯಲ್ಲಿ ಕೂತರು. ನಾನು ಒಳಗೆ ಬಟ್ಟೆ ಮಡಚುತ್ತಿದ್ದೆ. “ಖರೇನ ಸಾಹೇಬ್ರು ನಿನ್ನ ಒಬ್ಬಾಕಿನ್ನ ಬಿಟ್ಟು ಹೋಗಿದ್ರೇನವಾ? ಹೆಂಗ ಕಳದಿ ಅಷ್ಟ್ ದಿನಾ?” ಎಂದು ಅವರು ಕೇಳಿದ್ದು ಕೇಳಿಸಿತು. ನಾನು ಅಂಗಿಯನ್ನು ಹಾಗೇ ಹಿಡಿದು ನಿಂತೆ.

“ಛಲೋ ಹೋದ್ವು ಬಿಡ್ರಿ” ಎಂದಳು ಗಿರಿಜಾ. “ಕಡೀಕ ಒಂದೆರಡು ದಿನಾ ಮಾತ್ರ ಭಾಳ ಉದ್ದ ಆದ್ವು.”

ನನ್ನ ಬಗ್ಗೆ ಅವಳು ಆಡಿದ, ನನಗೆ ಗೊತ್ತಿರುವ ಅತಿ ಪ್ರೀತಿಯ ಮಾತು ಇದು. ಅದೂ ಶಾರದಕ್ಕನಿಗೆ ಹೇಳಿದ್ದು. ಉದ್ದವಾದದ್ದು ನಾನಿಲ್ಲದ್ದಕ್ಕೋ, ಐವತ್ತು ದಿನಗಳಿಂದ ಜೋಳದ ರೊಟ್ಟಿಯ ಮುಖ ಕಾಣದ್ದಕ್ಕೋ ಎಂದು ಕೇಳಬೇಕೆಂದು ದಿನಾ ಅಂದುಕೊಳ್ಳುತ್ತೇನೆ. ಅವಳು ಖರೇ ಹೇಳುವ ಹೆಂಗಸು. ಅದಕ್ಕೇ ಕೇಳಿಲ್ಲ.