ಸೋಮವಾರದ ಶುಗರ್ರು

ದೇವರ ಹತ್ತಿರ ಸುಳ್ಳು ಹೇಳಿ ಆಮೇಲೆ ಒಂದು ತೆಂಗಿನಕಾಯಿ ಒಡೆದು ರಾಜಿಯಾಗಬಹುದು. ಆದರೆ ಬೆರಳಿನಿಂದ ಒಂದು ಹನಿ ರಕ್ತ ಕೇಳುವ ಆ ಪುಟ್ಟ ಶುಗರ್ ಮಿಷನ್ನಿನ ಹತ್ತಿರ ಯಾವ ರಾಜಿಯೂ ನಡೆಯುವುದಿಲ್ಲ. ಆರು ವರ್ಷದಿಂದ ನಮ್ಮ ನಂಜನಗೂಡಿನ ಮನೆಯಲ್ಲಿ ಅದರದ್ದೇ ದರ್ಬಾರು. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನಾನು ಬೆರಳು ಚುಚ್ಚಿಕೊಳ್ಳಬೇಕು, ಬಂದ ನಂಬರನ್ನು ನನ್ನ ಹೆಂಡತಿ ಗೌರಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಬೇಕು. ಅದೇ ಚೌಕದಲ್ಲಿ ಹಾಲಿನವನು ಬಾರದ ದಿನ, ಗ್ಯಾಸ್ ಬಂದ ದಿನ ಎಲ್ಲವೂ ಇರುತ್ತವೆ. ಹಾಗಾಗಿ ಮನೆಗೆ ಬಂದ ನೆಂಟರೆಲ್ಲ ನನ್ನ ಮುಖಕ್ಕಿಂತ ಮೊದಲು ನನ್ನ ಶುಗರ್ ನೋಡಿ ಮಾತಾಡಿಸುತ್ತಾರೆ.

ಈ ಕ್ಯಾಲೆಂಡರಿನಿಂದಲೇ ಗೌರಿ ಒಂದು ಪತ್ತೇದಾರಿಕೆ ಮಾಡಿದಳು. ವಾರವೆಲ್ಲ ನೂರಿಪ್ಪತ್ತು, ನೂರಮೂವತ್ತು. ಸೋಮವಾರ ಮಾತ್ರ ಇನ್ನೂರೈವತ್ತರ ಮೇಲೆ. ಭಾನುವಾರ ನಾನು ತಿ. ನರಸೀಪುರದಲ್ಲಿರುವ ಅಕ್ಕನ ಮನೆಗೆ ಊಟಕ್ಕೆ ಹೋಗುವುದು ರೂಢಿ. ಗೌರಿ ತೀರ್ಪು ಕೊಟ್ಟೇಬಿಟ್ಟಳು: "ಅತ್ತಿಗೆ ನಿಮ್ಗೆ ಪಾಯಸ ಬಡಿಸ್ತಾರೆ."

ಅಕ್ಕ ಬಡಿಸುವುದು ರಾಗಿಮುದ್ದೆ, ಸೊಪ್ಪಿನ ಸಾರು. ಕಾಫಿಗೂ ಸಕ್ಕರೆ ಹಾಕುವವಳಲ್ಲ. ನಿಜವಾದ ಕಳ್ಳ ನಾನು. ವಾಪಸ್ ಬರುವಾಗ ನರಸೀಪುರದ ಬಸ್‌ಸ್ಟ್ಯಾಂಡ್ ಎದುರಿನ ಬೇಕರಿಯಲ್ಲಿ ಸಕ್ಕರೆ, ಕೊಬ್ಬರಿ ತುಂಬಿದ ಒಂದು ದಿಲ್‌ಪಸಂದ್ ತಿಂದೇ ಬಸ್ ಹತ್ತುತ್ತಿದ್ದೆ. ಹೇಳಿದೆನೇ? ಇಲ್ಲ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎಂದುಕೊಂಡು ಸುಮ್ಮನಿದ್ದೆ. ಗೌರಿ ನನ್ನೆದುರೇ ಫೋನ್ ಮಾಡಿ ಅಕ್ಕನನ್ನು ತರಾಟೆಗೆ ತೆಗೆದುಕೊಂಡಳು. ಅಕ್ಕ, "ಆಯ್ತು ಕಣವ್ವ, ತಪ್ಪಾಯ್ತು" ಎಂದಷ್ಟೇ ಹೇಳಿ ಫೋನಿಟ್ಟಳು. ನನ್ನ ಭಾನುವಾರದ ಪ್ರಯಾಣ ರದ್ದಾಯಿತು. ಆ ಭಾನುವಾರ ಮನೆಯಲ್ಲೇ ಕೂತು ಉಂಡೆ. ನನ್ನನ್ನು ಎತ್ತಿ ಆಡಿಸಿದ ಅಕ್ಕನ ಮೇಲೆ ನನ್ನ ತಪ್ಪು ಹೊರಿಸಿ ಕೂತಿದ್ದೆ.

ಮರುದಿನ ಬೆಳಗ್ಗೆ ಮೊದಲ ಬಸ್ಸಿಗೇ ಅಕ್ಕ ಬಂದಳು. "ಬರ್ನಿಲ್ವಲ್ಲ, ಉಸಾರಿಲ್ವೇನೋ ಅಂತ ಬಂದೆ" ಎಂದಳು. ನಾನಾಗ ಪೂಜೆಯಲ್ಲಿದ್ದೆ. ಸೋಮವಾರ ನಂಜುಂಡನ ವಾರ, ನೈವೇದ್ಯಕ್ಕೆ ರಸಬಾಳೆಯ ರಸಾಯನ ಆಗಲೇಬೇಕು. ಹಣ್ಣು, ಬೆಲ್ಲ ಎಲ್ಲವನ್ನೂ ನಾನೇ ಕೈಯಾರೆ ಕಿವುಚುತ್ತೇನೆ. ದೇವರನ್ನು ಮೊದಲು ಖುಷಿಪಡಿಸಿದರೆ ಮಿಷನ್ನೂ ಸ್ವಲ್ಪ ದಯೆ ತೋರೀತು ಎಂಬ ಆಸೆ. ನಾಲಿಗೆಗೆ ಒಂದು ಚೂರೂ ಮುಟ್ಟಿಸದೆ, ಕೈಯನ್ನು ಪಂಚೆಗೆ ಒರೆಸಿಕೊಂಡು ಬಂದು ಬೆರಳು ಚುಚ್ಚಿದೆ.

ಇನ್ನೂರ ಎಪ್ಪತ್ತನಾಲ್ಕು!

"ಅತ್ತಿಗೆ ಮನೆಗೂ ಹೋಗ್ಲಿಲ್ಲ, ಇನ್ನೆಲ್ಲಿ ತಿಂದ್ರಿ?" ಎಂದು ಗೌರಿ ಸೊಂಟಕ್ಕೆ ಕೈಯಿಟ್ಟು ನಿಂತಳು. ಆ ವಾರ ನಾನು ದಿಲ್‌ಪಸಂದ್ ಮುಖವನ್ನೇ ನೋಡಿರಲಿಲ್ಲ. ಕಾಯಿಲೆಯೇ ಕೈಮೀರಿತೇನೋ ಎಂದು ಬೆವರಿದೆ. ಅಕ್ಕ ಗಾಬರಿಯಿಂದ ನನ್ನ ಕೈ ಹಿಡಿದುಕೊಂಡಳು. ಹಿಡಿದವಳು ಹಾಗೇ ನಿಂತಳು.

"ಇದೇನ್ಲಾ ಮಾದೇವ, ಕೈಯೆಲ್ಲ ಅಂಟಂಟು! ಬೆಲ್ಲ ಕಿವುಚಿದ್ ಬೆರಳ್ನೇ ಚುಚ್ಕಂಡ್ಯಾ? ಓಗು, ಸೋಪಾಕಿ ತೊಳ್ಕಂಡ್ ಬಾ."

ತೊಳೆದು, ಒರೆಸಿ, ಬೇರೆ ಬೆರಳು ಚುಚ್ಚಿದೆ. ನೂರಿಪ್ಪತ್ತೆಂಟು. ಆರು ವರ್ಷ ನಾನು ಸೋಮವಾರ ಅಳೆದದ್ದು ನನ್ನ ರಕ್ತವನ್ನಲ್ಲ, ನಂಜುಂಡನ ನೈವೇದ್ಯವನ್ನು. ಗೌರಿಯ ಮುಖ ಸಣ್ಣಗಾಯಿತು. "ಅತ್ತಿಗೆ, ಸುಮ್ಸುಮ್ನೆ ನಿಮ್ಮನ್ನ ಅಂದ್ಬಿಟ್ಟೆ" ಎಂದು ಕಣ್ಣೊರೆಸಿಕೊಂಡಳು. ಪಾಪ, ದಿನಾ ಆ ನಂಬರಿಗಾಗಿ ನನಗಿಂತ ಹೆಚ್ಚು ಎದೆ ಬಡಿದುಕೊಳ್ಳುವುದು ಅವಳಿಗೇ. ಅಕ್ಕ ಅವಳ ಬೆನ್ನು ತಟ್ಟಿ, ರಸಾಯನ ಇಸಿದುಕೊಂಡು ತಿಂದಳು.

ಸಂಜೆ ಅಕ್ಕನನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಹೋದಾಗ ತಡೆಯಲಾಗಲಿಲ್ಲ. "ಅಕ್ಕ, ಒಂದು ವಿಷ್ಯ..." ಎಂದೆ.

"ದಿಲ್‌ಪಸಂದ್ ವಿಷ್ಯನಾ? ಆ ಬೇಕ್ರಿಯವ್ನು ನಮ್ ಬೀದಿಯವ್ನೇ ಕಣ್ಲಾ. ವಾರವಾರವೂ ಯೋಳ್ತಾನೆ."

"ಮತ್ತೆ ಗೌರಿ ಬೈದಾಗ ಯಾಕೆ ಸುಮ್ನಿದ್ದೆ?"

"ನನ್ನ ಬೈದ್ರೆ ಒಂದ್ ಗಳಿಗೆ ಬೈತಾಳೆ. ನಿನ್ನ ಬೈಯಕ್ಕೆ ನಿಂತ್ರೆ ಜೀವನಪೂರ್ತಿ ಬೈತಾಳೆ. ಓಗ್ಲಿ ಬುಡು ಅಂದ್ಕಂಡೆ."

ಇಂಥ ಅಕ್ಕನನ್ನು ಪಡೆಯಲು ನಾನು ಯಾವ ಜನ್ಮದಲ್ಲಿ ಪುಣ್ಯ ಮಾಡಿದ್ದೆನೋ ಗೊತ್ತಿಲ್ಲ. ಈ ಜನ್ಮದಲ್ಲಂತೂ ಮಾಡಿಲ್ಲ. ಭಾನುವಾರದ ಊಟ ಮತ್ತೆ ಶುರುವಾಗಿದೆ. ಉಂಡ ಮೇಲೆ ಅಕ್ಕನೇ ಬಂದು ನನ್ನನ್ನು ಬಸ್ಸಿನಲ್ಲಿ ಕೂರಿಸಿ, ಬಸ್ಸು ಹೊರಡುವವರೆಗೂ ಬೇಕರಿಗೆ ಅಡ್ಡವಾಗಿ ನಿಂತಿರುತ್ತಾಳೆ. ಕಿಟಕಿಯಿಂದ ಕೈ ಬೀಸುವಾಗ ನನಗೆ ಕಣ್ಣು ತುಂಬಿ ಬರುತ್ತದೆ. ಅಷ್ಟೂ ಅಕ್ಕನಿಗಾಗಿಯೇ ಎಂದು ಹೇಳಿದರೆ ಮಾತ್ರ ಸುಳ್ಳಾದೀತು.