ಪುಟ್ಟ ಪಿಸ್ತೂಲಿನ ಅರ್ಜಿ

ಗುಂಡು ಹಾರಿಸುವ ಕಡೆ ಜನ ವಿಪರೀತ ಗಂಭೀರವಾಗಿರುತ್ತಾರೆ. ಅದಕ್ಕೇ ಏನೋ, ನಗು ಬರುವಂಥದ್ದು ಅಲ್ಲೇ ಹೆಚ್ಚು ನಡೆಯುತ್ತದೆ. ಅರವತ್ತರ ದಶಕದಲ್ಲಿ ನಾನು ಉದಕಮಂಡಲದ ಒಂದು ಶೂಟಿಂಗ್ ಕ್ಲಬ್ಬಿನಲ್ಲಿ ಗುಮಾಸ್ತನಾಗಿದ್ದೆ. ನಗುವಂತಿರಲಿಲ್ಲ, ಟೈಪ್ ಮಾಡಬೇಕಿತ್ತು.

೧. ಸಭೆ

ಹತ್ತಿರದ ಇತ್ತಲಾರು ಊರಿನ ಹಿರಿಯರೊಬ್ಬರು, ಸಣ್ಣ ಚಹಾ ತೋಟದವರು, ಮೂರು ವರ್ಷದಿಂದ ಒಂದೇ ಅರ್ಜಿ ಕೊಡುತ್ತಿದ್ದರು: ಸಣ್ಣ ಗುಂಡಿನ ತಮ್ಮ ಪುಟ್ಟ ಪಾಯಿಂಟ್ ಟೂ ಟೂ ಪಿಸ್ತೂಲನ್ನೂ ಪಂದ್ಯಕ್ಕೆ ಸೇರಿಸಿಕೊಳ್ಳಬೇಕು. ಕಣ್ಣಿಗೆ ಪೊರೆ ಬರುತ್ತಿತ್ತು, ಈ ವರ್ಷ ತಪ್ಪಿದರೆ ಮುಂದೆ ಆಗದು. ಪಂದ್ಯದಲ್ಲಿ ಮಿಕ್ಕವರದೆಲ್ಲ ದೊಡ್ಡ ರಿವಾಲ್ವರು.

ಅಧ್ಯಕ್ಷರು ನಿವೃತ್ತ ಮೇಜರ್. "ಅದೂ ಒಂದು ಪಿಸ್ತೂಲೇನ್ರೀ? ನಮ್ಮ ಗುಮಾಸ್ತರ ಟೈಪ್‌ರೈಟರು ಅದಕ್ಕಿಂತ ಜೋರಾಗಿ ಸದ್ದು ಮಾಡುತ್ತೆ!" ಎಂದರು.

ಆ ಮಾತನ್ನೂ ನಡಾವಳಿಯಲ್ಲಿ ಟೈಪ್ ಮಾಡಿದೆ, ಆದಷ್ಟು ಮೆಲ್ಲಗೆ.

೨. ಪರೀಕ್ಷೆ

ಕೊನೆಗೆ ಒಂದು ಪರೀಕ್ಷೆ ಇಟ್ಟರು. ಗುಂಡು ತಗುಲಿದ ಬಿಸ್ಕತ್ತಿನ ಡಬ್ಬಿ ಕೆಳಗೆ ಬೀಳಬೇಕು. ಹಿರಿಯರು ಹೊಡೆದರು. ನಟ್ಟನಡುವೆ ತೂತು, ಡಬ್ಬಿ ಮಾತ್ರ ಕದಲಲಿಲ್ಲ.

"ಬೀಳಲಿಲ್ಲ," ಎಂದರು ಮೇಜರ್.

"ಸತ್ತಿದೆ ಸ್ವಾಮಿ, ನಿಂತುಕೊಂಡೇ ಸತ್ತಿದೆ."

ಹೊಡೆತ ಅಂದರೆ ಹೇಗಿರಬೇಕು ಎಂದು ತೋರಿಸಲು ಮೇಜರ್ ಇನ್ನೊಂದು ಡಬ್ಬಿ ಇಡಿಸಿ ತಮ್ಮ ರಿವಾಲ್ವರ್ ಹಾರಿಸಿದರು. ಗುಡ್ಡವೆಲ್ಲ ಗುಡುಗಿತು. ಅದೇ ಹೊತ್ತಿಗೆ ಗಾಳಿ ಬೀಸಿ ಡಬ್ಬಿ ಉರುಳಿತು. ಹಿರಿಯರು ಅದನ್ನೆತ್ತಿ ತಿರುಗಿಸಿ ತಿರುಗಿಸಿ ನೋಡಿದರು. ಎಲ್ಲೂ ತೂತಿಲ್ಲ.

"ಪಾಪ, ಸದ್ದಿಗೇ ಜೀವ ಬಿಟ್ಟಿದೆ," ಎಂದರು.

೩. ಪಂದ್ಯ

ಅಂತೂ ಬೀಳುವುದು ಬೇಡ, ತೂತಾದರೆ ಸಾಕು ಎಂದಾಯಿತು. ಪುಟ್ಟ ಪಿಸ್ತೂಲಿಗೆ ಒಂದು ಪಂದ್ಯದ ಮಟ್ಟಿಗೆ ಅನುಮತಿ, ಅದನ್ನು ನೋಡಿ ಮುಂದಿನ ತೀರ್ಮಾನ. ಐದು ಡಬ್ಬಿಗೆ ಯಾರು ಬೇಗ ಹೊಡೆಯುತ್ತಾರೋ ಅವರು ಗೆದ್ದಂತೆ.

ಗಡಿಯಾರ ಹಿಡಿದ ಅಂಪೈರು ಕೋತಗಿರಿಯ ಮೇಷ್ಟ್ರು, ಹಿರಿಯರ ತಂಗಿಯ ಮಗ. ನಮ್ಮ ನೀಲಗಿರಿಯ ಬಡಗ ಜನರಲ್ಲಿ ಹಿರಿಯರು ಎದುರಾದರೆ ತಲೆ ಬಗ್ಗಿಸಬೇಕು, ಅವರು ಬಲಗೈಯನ್ನು ತಲೆ ಮೇಲಿಟ್ಟು ಹರಸಬೇಕು. ಹರಕೆ ಮುಗಿಯುವವರೆಗೆ ತಲೆ ಎತ್ತುವ ಹಾಗಿಲ್ಲ. ಮೇಷ್ಟ್ರು ಗಡಿಯಾರ ಒತ್ತಿದರು, ಪಕ್ಕದಲ್ಲಿ ಮಾಮ ನಿಂತಿದ್ದು ಕಂಡಿತು, ಅಭ್ಯಾಸಬಲದಿಂದ ಬಗ್ಗಿಯೇಬಿಟ್ಟರು.

ಹಿರಿಯರ ಬಲಗೈಯಲ್ಲಿ ಗುಂಡು ತುಂಬಿದ ಪಿಸ್ತೂಲು. ಎಡಗೈಯಲ್ಲಿ ಹರಸುವುದುಂಟೆ?

"ಇರಪ್ಪ, ಎನ್ನ ಕೈ ಬರಿದಾಗಲಿ," ಎಂದವರೇ ಐದು ಗುಂಡು ಹಾರಿಸಿದರು. ಐದೂ ತೂತು! ನನಗೆ ಚಪ್ಪಾಳೆ ತಟ್ಟುವಷ್ಟು ಖುಷಿಯಾಯಿತು. ಆಮೇಲೆ ಪಿಸ್ತೂಲು ಕೆಳಗಿಟ್ಟು, ಅಳಿಯನ ತಲೆ ಮೇಲೆ ಕೈಯಿಟ್ಟು, ಮಕ್ಕಳು, ಮನೆ, ಎಮ್ಮೆ, ಹೊಲ ಒಂದನ್ನೂ ಬಿಡದೆ ನಿಧಾನವಾಗಿ ಹರಸಿದರು. ಮೇಷ್ಟ್ರು ತಲೆಯೆತ್ತಿದ ಮೇಲೆಯೇ ಗಡಿಯಾರ ನಿಂತಿದ್ದು. ಹಿರಿಯರು ಎಲ್ಲರಿಗಿಂತ ಕೊನೆ.

ಮರುದಿನ ಸಭೆ ಸೇರಿತು. ಮೇಜರ್ ಹೇಳಿದರು, ನಾನು ಟೈಪ್ ಮಾಡಿದೆ: "ಇನ್ನು ಮುಂದೆ ಪುಟ್ಟ ಪಿಸ್ತೂಲಿಗೆ ಅನುಮತಿ ಇದೆ. ಗಡಿಯಾರ ಓಡುವಾಗ ಆಶೀರ್ವಾದಕ್ಕೆ ಇಲ್ಲ."